ಮೊದಲು ಬ್ರೈಟ್‌ನೆಸ್ ಇಳಿಸಿ

ಮದುವೆ ಸೀಸನ್ ಬಂತೆಂದರೆ ದಾವಣಗೆರೆಯ ಆಲ್ಬಮ್ ಡಿಸೈನರ್‌ಗಳದು ಒಂದೇ ದೂರು: "ನಮ್ ಸಿಸ್ಟಮ್‌ನಾಗೆ ಚೆನ್ನಾಗೇ ಇತ್ತು ಸಾರ್, ಲ್ಯಾಬ್‌ನೋರು ಕಪ್ಪಗೆ ಹೊಡೆದು ಕೊಟ್ಟಾರೆ." ಪ್ರಿಂಟ್ ಹಾಕುವ ಲ್ಯಾಬಿನವರು ತಪ್ಪೇ ಮಾಡುವುದಿಲ್ಲ ಎನ್ನಲಾರೆ. ಆದರೆ ಇಡೀ ಆಲ್ಬಮ್ ಒಂದೇ ಸಮ ಕಪ್ಪಾಗಿ ಬಂದಿದ್ದರೆ, ಜಗಳಕ್ಕೆ ಹೋಗುವ ಮೊದಲು ಮಾನಿಟರ್‌ನ ಮೆನು ತೆಗೆದು ಬ್ರೈಟ್‌ನೆಸ್ ಎಷ್ಟಿದೆ ನೋಡಿ. ಬಹಳ ಕಡೆ ಡಬ್ಬಿಯಿಂದ ತೆಗೆದ ದಿನ ಎಷ್ಟಿತ್ತೋ ಅಷ್ಟೇ ಇರುತ್ತದೆ. ಕೆಲವರದು ನೇರ 100, ಅಂದರೆ ಪೂರ್ತಿ.

ಸಾಮಾನ್ಯ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ ಪ್ಯಾನಲ್) ಮಾನಿಟರ್ ಪೂರ್ತಿ ಏರಿಸಿದರೆ ಸುಮಾರು 250 ನಿಟ್ಸ್ (ಪರದೆಯ ಬೆಳಕು ಅಳೆಯುವ ಮಾನ) ಬೆಳಕು ಕೊಡುತ್ತದೆ. ಪ್ರಿಂಟ್ ಕೆಲಸಕ್ಕೆ ಸಾಕಾಗುವುದು 80ರಿಂದ 120. 120ಕ್ಕೆ ಹೋಲಿಸಿದರೂ ಎರಡು ಪಟ್ಟು, ಕ್ಯಾಮೆರಾ ಲೆಕ್ಕದಲ್ಲಿ ಒಂದು ಸ್ಟಾಪ್. ಅಂಥ ಪರದೆಯಲ್ಲಿ ಮದುಮಗಳ ಹಣೆ ಬಿಳಿಚಿಕೊಂಡಂತೆ ಕಾಣುತ್ತದೆ, ನೀವು ಎಕ್ಸ್‌ಪೋಷರ್ ಇಳಿಸುತ್ತೀರಿ. ಅಲ್ಲಿಗೆ ಫೈಲೇ ಕಪ್ಪಾಯಿತು. ಮದುಮಗನ ಕಪ್ಪು ಸೂಟಿನ ಹೊಲಿಗೆ, ಜಡೆಯ ಎಳೆ ನಿಮಗೆ ಬಿಡಿಬಿಡಿಯಾಗಿ ಕಂಡಿರುತ್ತವೆ, ಯಾಕೆಂದರೆ ಪರದೆಯ ಹಿಂದೆ ದೀಪವಿದೆ. ಕಾಗದಕ್ಕೆ ದೀಪವಿಲ್ಲ, ಕೋಣೆಯ ಬೆಳಕು ಎಷ್ಟೋ ಅಷ್ಟು. ಅಲ್ಲಿ ಸೂಟು ಒಂದೇ ಕಪ್ಪು ಮುದ್ದೆ.

ಇಷ್ಟು ಹೇಳಿದ ಮೇಲೂ ಬರುವ ಉತ್ತರ: "ಪ್ರೊಫೈಲ್ ಹಾಕೀನಲ್ಲ ಸಾರ್!" ಕಲರ್ ಪ್ರೊಫೈಲ್ ಎಂಬ ಫೈಲು ಹಿಂಬದಿ ದೀಪವನ್ನು ಇಳಿಸುವುದಿಲ್ಲ. ನಿರ್ದಿಷ್ಟ ಮಾನಿಟರ್, ನಿರ್ದಿಷ್ಟ ಬ್ರೈಟ್‌ನೆಸ್‌ನಲ್ಲಿ ಬಣ್ಣಗಳನ್ನು ಹೇಗೆ ತೋರಿಸುತ್ತಿದೆ ಎಂಬ ದಾಖಲೆ ಅದು, ಅಷ್ಟೇ. ಗೆಳೆಯನ ಪೆನ್‌ಡ್ರೈವ್‌ನಿಂದ ತಂದು ಹಾಕಿಕೊಳ್ಳುವುದು ಅವನ ಕನ್ನಡಕ ಹಾಕಿಕೊಂಡಂತೆ. ಮಾಡೆಲ್ ಒಂದೇ ಆದರೂ ಪ್ಯಾನಲ್‌ನಿಂದ ಪ್ಯಾನಲ್‌ಗೆ ವ್ಯತ್ಯಾಸ ಇರುತ್ತದೆ. ಪ್ರೊಫೈಲ್ ಮಾಡಿದ ಮೇಲೆ ಗುಂಡಿ ಒತ್ತಿ ಬ್ರೈಟ್‌ನೆಸ್ ಬದಲಿಸಿದರೆ ಆ ದಾಖಲೆಯನ್ನೂ ನಂಬುವಂತಿಲ್ಲ.

ಕಲರಿಮೀಟರ್ (ಪರದೆಗೆ ತಾಗಿಸಿ ಬಣ್ಣ, ಬೆಳಕು ಅಳೆಯುವ ಉಪಕರಣ) ಇದ್ದವರು ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಡಿ. ಸೆಟ್ಟಿಂಗ್ ಫ್ಯಾಕ್ಟರಿ ರೀಸೆಟ್ ಮಾಡಿ, ಕಲರ್ ಮೋಡ್ 'ಯೂಸರ್'ಗೆ ತನ್ನಿ. ವಿಂಡೋಸ್‌ನ ನೈಟ್ ಲೈಟ್, ಮಾನಿಟರ್‌ನ ಇಕೋ ಮೋಡ್, ಡೈನಮಿಕ್ ಕಾಂಟ್ರಾಸ್ಟ್, ಲ್ಯಾಪ್‌ಟಾಪ್ ಆದರೆ ತಾನಾಗಿ ಬೆಳಕು ಬದಲಿಸುವ ಆಯ್ಕೆ, ಎಲ್ಲ ಆಫ್. ಕಾಂಟ್ರಾಸ್ಟ್ ಮುಟ್ಟಬೇಡಿ. ಗುರಿ: ಬಿಳಿಗೆ ಡಿ65 (ಹಗಲು ಬೆಳಕಿನ ಬಿಳಿ), ಗಾಮಾ (ಕಪ್ಪಿನಿಂದ ಬಿಳಿಯವರೆಗಿನ ನಡುವಣ ಛಾಯೆಗಳ ಏರಿಕೆ) 2.2, ಬೆಳಕು 100ರಿಂದ 120 ನಿಟ್ಸ್. ಸಾಫ್ಟ್‌ವೇರ್ ಕೇಳಿದಾಗ ಬ್ಯಾಕ್‌ಲೈಟ್ ಬಗೆಯನ್ನು ಸರಿಯಾಗಿ ಆರಿಸಿ. ಹೆಚ್ಚು ಬಣ್ಣ ತೋರಿಸುವ ವೈಡ್ ಗ್ಯಾಮಟ್ ಮಾನಿಟರಿಗೆ ಸಾದಾ ಎಲ್‌ಇಡಿ ಎಂದು ಕೊಟ್ಟರೆ ಅಳತೆಯೇ ತಪ್ಪುತ್ತದೆ. ಪರದೆಯನ್ನು ತುಸು ಹಿಂದಕ್ಕೆ ವಾಲಿಸಿ, ಮೀಟರ್ ಅಂಟಿಕೊಂಡು ಕೂರಬೇಕು. ಸಂದಿಯಿಂದ ಟ್ಯೂಬ್‌ಲೈಟ್ ಬೆಳಕು ನುಗ್ಗಿದರೆ ಕಪ್ಪಿನ ಅಳತೆ ಹಾಳು. ಮಾನಿಟರ್ ಮೆನುವಿನಲ್ಲಿ ಆಯಾ ಬಣ್ಣದ ಪ್ರಮಾಣ ಹೊಂದಿಸುವ ಕೆಂಪು, ಹಸಿರು, ನೀಲಿ ಗೇನ್‌ಗಳಲ್ಲಿ ಹೆಚ್ಚಿರುವುದನ್ನು ಇಳಿಸಿ ಸಮ ಮಾಡಿ, ಕಡಿಮೆ ಇರುವುದನ್ನು ಏರಿಸಲು ಹೋಗಬೇಡಿ. ಬೆಳಕನ್ನು ಗುಂಡಿಯಿಂದಲೇ ಗುರಿಗೆ ತಂದು, ಆಮೇಲೆ ಪ್ರೊಫೈಲ್ ಮಾಡಲು ಬಿಡಿ. ತಿಂಗಳಿಗೊಮ್ಮೆ ಮತ್ತೆ ಮಾಡಿದರೆ ಒಳ್ಳೆಯದು.

ಮೀಟರ್ ಇಲ್ಲದವರು ಲ್ಯಾಬಿನ ಖಾಲಿ ಫೋಟೋ ಪೇಪರ್ ಒಂದು ತುಂಡು ಕೇಳಿ ತನ್ನಿ. ಪರದೆ ತುಂಬ ಬಿಳಿ ಪುಟ ತೆರೆದು, ಪಕ್ಕದಲ್ಲಿ ಪೇಪರ್ ಹಿಡಿದು, ಎರಡೂ ಒಂದೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಬಣ್ಣದ ಖಾತ್ರಿ ಇದರಿಂದ ಸಿಗದು, ಕಪ್ಪಾಗುವ ಕಾಟ ಮಾತ್ರ ಬಹುಮಟ್ಟಿಗೆ ತಪ್ಪುತ್ತದೆ. ಮೊದಲ ದಿನ ಪರದೆ ಮಂಕೆನಿಸುತ್ತದೆ. ಎರಡು ದಿನ ತಾಳಿಕೊಳ್ಳಿ, ಕಣ್ಣು ಒಗ್ಗುತ್ತದೆ.

ಪಿ.ಬಿ. ರಸ್ತೆಗೆ ಗಾಜಿನ ಬಾಗಿಲಿಟ್ಟು ಅದರ ಎದುರಿಗೇ ಮಾನಿಟರ್ ಇಟ್ಟರೆ ಇಷ್ಟೆಲ್ಲ ಮಾಡಿಯೂ ದಂಡ. ಬೆಳಗ್ಗೆ ಕಂಡದ್ದು ಸಂಜೆ ಕಾಣದು. ಪರದೆಗೆ ಹೊರಗಿನ ಬೆಳಕು ಬೀಳದಂತೆ ತಿರುಗಿಸಿ. ಗಿಳಿ ಹಸಿರು ಗೋಡೆಯಿದ್ದರೆ ನಿಮ್ಮ ಹಿಂದಿನ ಗೋಡೆಗಾದರೂ ಬೂದು ಬಣ್ಣ ಬಳಿಸಿ.

ಇನ್ನು ಗಿರಾಕಿ. ಮದುಮಗಳ ತಂದೆ ಫೋನ್ ಮುಂದೆ ಹಿಡಿದು "ಇದ್ರಾಗೆ ಕಂಡಂಗೆ ಬರ್ಬೇಕು" ಎನ್ನುತ್ತಾರೆ. ಅಮೋಲೆಡ್ ಪರದೆ, ಬಣ್ಣ ಗಾಢವಾಗಿ ತೋರಿಸುವ ವಿವಿಡ್ ಮೋಡ್, ಬೆಳಕು ತುದಿಗೆ. ಅವರ ಮೇಲೆ ಸಿಟ್ಟಾಗಬೇಡಿ, ಅವರಿಗೆ ಕಂಡದ್ದನ್ನೇ ಹೇಳುತ್ತಿದ್ದಾರೆ. ವಾಟ್ಸಾಪ್‌ನಲ್ಲಿ ಡಿಸೈನ್ ಕಳಿಸಿ ಒಪ್ಪಿಗೆ ಪಡೆಯುವ ಅಭ್ಯಾಸ ಬಿಟ್ಟು, ಕರೆದು ಕೂರಿಸಿ, ಮಾನಿಟರ್‌ನಲ್ಲೇ ತೋರಿಸಿ.

ಇಡೀ ಆಲ್ಬಮ್ ಕಳಿಸುವ ಮುಂಚೆ 12×36 ಇಂಚಿನ ಒಂದು ಶೀಟ್ ಪ್ರಿಂಟ್ ತೆಗೆಸಿ. ಫೈಲ್ ಎಸ್‌ಆರ್‌ಜಿಬಿಯಲ್ಲೇ (ಸಾಮಾನ್ಯ ಬಳಕೆಯ ಬಣ್ಣದ ಮಾನದಂಡ) ಇರಲಿ, ಲ್ಯಾಬ್ ಬೇರೆ ಏನಾದರೂ ಕೇಳಿದ್ದರೆ ಅವರು ಹೇಳಿದಂತೆ. "ಕರೆಕ್ಷನ್ ಮಾಡಬೇಡಿ" ಎಂದು ಬರೆದೇ ಕೊಡಿ. ಇಲ್ಲದಿದ್ದರೆ ಆಪರೇಟರ್ ಪಾಪ, ಒಳ್ಳೆಯದಾಗಲಿ ಎಂದು ತಾನೇ ಬೆಳಕು ಏರಿಸಿರುತ್ತಾನೆ, ಆ ಶೀಟನ್ನು ನಿಮ್ಮ ಪರದೆಯ ಪಕ್ಕ ಹಿಡಿದು ಹೋಲಿಸಿ ಪ್ರಯೋಜನವಿಲ್ಲ.