ಬಟ್ಟೆಯಲ್ಲಿ ಹುಟ್ಟಿದ ಸಂಬಳ

ರಷ್ಯನ್ ಭಾಷೆಯಲ್ಲಿ 'ಪ್ಲತೋಕ್' ಎಂದರೆ ತಲೆವಸ್ತ್ರ, 'ಪ್ಲತೀತ್' ಎಂದರೆ ಹಣ ಪಾವತಿಸುವುದು. ಜೆಕ್ ಭಾಷೆಯಲ್ಲಿ ಸಂಬಳಕ್ಕೆ 'ಪ್ಲತ್' ಎನ್ನುತ್ತಾರೆ. ಮೂರಕ್ಕೂ ಬೇರು ಒಂದೇ: ರಷ್ಯನ್, ಜೆಕ್, ಸರ್ಬಿಯನ್ ಮುಂತಾದ ಸ್ಲಾವಿಕ್ ಭಾಷೆಗಳ ತಾಯಿಯಾದ ಮೂಲ ಸ್ಲಾವಿಕ್‌ನಲ್ಲಿ ಬಟ್ಟೆಯ ತುಂಡು ಎಂಬರ್ಥದ ಪದ 'ಪ್ಲಾತು'.

ಬಟ್ಟೆಗೂ ಪಾವತಿಗೂ ಏನು ನಂಟು? ಸ್ಪೇನಿನ ಪ್ರವಾಸಿ ಇಬ್ರಾಹಿಂ ಇಬ್ನ್ ಯಾಕೂಬ್ 965ರ ಸುಮಾರಿಗೆ ಜೆಕ್ಕರ ನಾಡಾದ ಬೊಹೀಮಿಯದಲ್ಲಿ ಬಲೆಯಂತೆ ತೆಳುವಾಗಿ ನೇಯ್ದ ಬಟ್ಟೆತುಂಡುಗಳ ಸುದ್ದಿ ಬರೆದಿಟ್ಟಿದ್ದಾನೆ. ಅವು ಉಡಲು ಹೊದೆಯಲು ಬಾರವು. ಆದರೆ ಗೋಧಿ, ಕುದುರೆ, ಚಿನ್ನ, ಬೆಳ್ಳಿ ಎಲ್ಲವನ್ನೂ ಕೊಳ್ಳಲು ಸಾಕು! ಬಾಲ್ಟಿಕ್ ಸಮುದ್ರದ ರ‍್ಯೂಗೆನ್ ದ್ವೀಪದ ಸ್ಲಾವರಲ್ಲಿ ನಾಣ್ಯವೇ ಇಲ್ಲ, ಸಂತೆಯಲ್ಲಿ ಏನು ಬೇಕಾದರೂ ಅಗಸೆನಾರಿನ ಬಟ್ಟೆ ಕೊಟ್ಟೇ ಕೊಳ್ಳಬೇಕು ಎಂದು 12ನೇ ಶತಮಾನದ ಜರ್ಮನ್ ಪಾದ್ರಿ ಹೆಲ್ಮೋಲ್ಡ್ ಬರೆದ. ಬಟ್ಟೆ ಕೊಡುವುದೇ ಬೆಲೆ ಕೊಡುವುದಾಗಿತ್ತು.

ಇಲ್ಲಿ ಅನೇಕರು ಎಡವುತ್ತಾರೆ. ಸರ್ಬಿಯನ್‌ನಲ್ಲಿ ನಾರುಬಟ್ಟೆಗೆ 'ಪ್ಲಾತ್ನೊ' ಎನ್ನುತ್ತಾರೆ. ಕೇಳಿದೊಡನೆ, ಇದೂ 'ಪ್ಲಾತು'ವಿನ ಮಗುವೇ ಎಂದುಬಿಡುತ್ತೇವೆ. ಕಿವಿಗೆ ಒಂದೇ ಎನಿಸಿದ ಪದಗಳಿಗೆಲ್ಲ ನೆಂಟಸ್ತಿಕೆ ಕಟ್ಟುವ ಈ ಚಟ ನನಗೆ ಬಹಳ ಬೇಸರ ತರಿಸುತ್ತದೆ. ಅದೇ ಬಟ್ಟೆಗೆ ರಷ್ಯನ್‌ನಲ್ಲಿ ಏನೆನ್ನುತ್ತಾರೆ ಎಂದು ಕೇಳಿ ನೋಡಿ: 'ಪೊಲೊತ್ನೊ'. ಆ ಹೆಚ್ಚುವರಿ 'ಒ'ಕಾರವೇ ಸಾಕ್ಷಿ. ಮೂಲದಲ್ಲಿ ಅದು 'ಪೊಲ್ತ್-'. ವ್ಯಂಜನದ ಮುಂದೆ ಸಿಕ್ಕಿಬಿದ್ದ 'ಲ್', 'ರ್'ಗಳ ಬಿಗಿಯನ್ನು ರಷ್ಯನ್ನರು ಇನ್ನೊಂದು ಸ್ವರ ಸೇರಿಸಿ ಸಡಿಲಿಸಿದರು. ಸರ್ಬರು ಸ್ವರವನ್ನೇ ಆಚೆಗೆ ದಾಟಿಸಿದರು. ಕೋಟೆಪಟ್ಟಣ ಎಂಬರ್ಥದ 'ಗೊರ್ದು' ಒಂದು ಕಡೆ ರಷ್ಯದ ನೋವ್‌ಗೊರೊದ್ ಊರಿನ 'ಗೊರೊದ್', ಇನ್ನೊಂದು ಕಡೆ ಸರ್ಬಿಯದ ಬೆಲ್‌ಗ್ರೇಡಿನ 'ಗ್ರಾದ್' ಆದದ್ದೂ ಹೀಗೆಯೇ. ತಮಿಳಿನ ಪಾಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂ ಆದಷ್ಟೇ ಶಿಸ್ತಿನ ಬದಲಾವಣೆ ಇದು. ಇನ್ನೊಂದು ಸೊಗಸು ನೋಡಿ: 814ರಲ್ಲಿ ತೀರಿಕೊಂಡ ಫ್ರಾಂಕರ ದೊರೆ ಕಾರ್ಲ್‌ನ (ಶಾರ್ಲಮೇನ್) ಹೆಸರೇ ಸ್ಲಾವರಲ್ಲಿ 'ರಾಜ' ಎಂಬ ಪದವಾಯಿತು. ರಷ್ಯನ್‌ನಲ್ಲಿ 'ಕೊರೊಲ್', ಸರ್ಬಿಯನ್‌ನಲ್ಲಿ 'ಕ್ರಾಲ್'. ಅವನ ಹೆಸರೂ ಈ ಬದಲಾವಣೆಗೆ ಒಳಗಾಗಿದೆ ಎಂದರೆ, ಅವನು ಆಳುವ ಹೊತ್ತಿಗೆ ಅದಿನ್ನೂ ಮುಗಿದಿರಲಿಲ್ಲ.

'ಪ್ಲಾತು'ವಿನಲ್ಲಿ 'ಲಾ' ಮೊದಲಿನಿಂದಲೇ ಇತ್ತು. ಆದ್ದರಿಂದಲೇ ರಷ್ಯನ್‌ನಲ್ಲಿ 'ಪೊಲೊತೋಕ್' ಇಲ್ಲ, 'ಪ್ಲತೋಕ್' ಇದೆ.

'ಪೊಲ್ತ್-' ಬೇರು ನಮ್ಮ ಹಿತ್ತಿಲಿಗೂ ಬಂದಿರಬಹುದು. ಸಂಸ್ಕೃತದಲ್ಲಿ 'ಲ್' ಮತ್ತು 'ತ್' ಕೂಡಿ 'ಟ್' ಆಗುತ್ತಿತ್ತೆಂದು ರಷ್ಯದ ಭಾಷಾಶಾಸ್ತ್ರಜ್ಞ ಫಿಲಿಪ್ ಫೊರ್ತುನಾತೊವ್ 1881ರಲ್ಲಿ ವಾದಿಸಿದ. ಬಟ್ಟೆ ಎಂಬರ್ಥದ 'ಪಟ'ಕ್ಕೂ 'ಪೊಲೊತ್ನೊ'ಗೂ ಅವನು ನಂಟು ಹಾಕಿದ. 'ಪಟ' ದ್ರಾವಿಡ ಮೂಲದ್ದೆನ್ನುವ ವಿದ್ವಾಂಸರೂ ಇದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಫೊರ್ತುನಾತೊವ್ ಹೇಳಿದ್ದೇ ಸರಿಯಾದರೆ, ನಮ್ಮ ಮಕ್ಕಳು ಹಾರಿಸುವ ಗಾಳಿಪಟದ 'ಪಟ'ವೂ ರಷ್ಯದ ಮಗ್ಗದ 'ಪೊಲೊತ್ನೊ'ವೂ ದೂರದ ದಾಯಾದಿಗಳು.