ಕಂಪೈಲ್ ಆಗುತ್ತದೆ, ಓಡಿಸಿದರೆ ಬೀಳುತ್ತದೆ: ಲೈಬ್ರರಿ ವರ್ಷನ್‌ಗಳ ಜಗಳ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಮೇವನ್ ಅನ್ನುವ ಬಿಲ್ಡ್ ಟೂಲ್ ಬಳಸುವ ದೊಡ್ಡ ಜಾವಾ ಪ್ರಾಜೆಕ್ಟ್, ಮಾಡ್ಯೂಲ್‌ಗಳು ಹತ್ತಾರು ಇವೆ. ಮೊನ್ನೆ ಒಂದು ಮಾಡ್ಯೂಲ್‌ಗೆ ಹೊಸ ಲೈಬ್ರರಿ ಸೇರಿಸಿದೆ. ಬಿಲ್ಡ್ ಪಾಸ್, ಟೆಸ್ಟ್‌ಗಳೂ ಪಾಸ್. ಓಡಿಸಿದಾಗ ಮಾತ್ರ ನಾನು ಕೈಯೇ ಹಾಕದ ಜಾಗದಲ್ಲಿ ‘ನೋಸಚ್‌ಮೆಥಡ್‌ಎರರ್’ (ಕರೆದ ಮೆಥಡ್ ಸಿಗಲಿಲ್ಲ ಅನ್ನುವ ಎರರ್) ಬಂತು. ಮೇವನ್‌ಗೆ ಯಾವ ಲೈಬ್ರರಿ ಬೇಕು ಅಂತ ಹೇಳುವ ಪೋಂ ಫೈಲಿನಲ್ಲಿ ವರ್ಷನ್ ಸರಿಯಾಗೇ ಬರೆದಿದ್ದೇನೆ. ಯಾಕೆ ಹೀಗಾಗುತ್ತದೆ? ಮತ್ತೆ ಆಗದ ಹಾಗೆ ಏನು ಮಾಡಬೇಕು?

ಉತ್ತರ: ನೀವು ಬರೆದ ವರ್ಷನ್ ಸರಿಯಾಗಿಯೇ ಇರಬಹುದು. ತೊಂದರೆ ಇರುವುದು ನೀವು ಬರೆಯದೇ ಇರುವ ವರ್ಷನ್‌ಗಳಲ್ಲಿ.

ಪೋಂ ಫೈಲಿನಲ್ಲಿ ನೀವು ಇಪ್ಪತ್ತು ಲೈಬ್ರರಿಗಳ ಹೆಸರು ಬರೆದಿರಬಹುದು. ಆ ಇಪ್ಪತ್ತಕ್ಕೂ ತಮ್ಮದೇ ಬೇಡಿಕೆಗಳಿರುತ್ತವೆ, ಆ ಬೇಡಿಕೆಗಳಿಗೆ ಇನ್ನಷ್ಟು ಬೇಡಿಕೆಗಳು, ಹೀಗೆ ಎಳೆಯುತ್ತಾ ಹೋದರೆ ಕೊನೆಗೆ ನೂರಾರು ಜಾರ್ (ಜಾವಾ ಲೈಬ್ರರಿಯ ಕಟ್ಟು) ಫೈಲ್‌ಗಳು ಬಂದು ಕೂರುತ್ತವೆ. ಅವುಗಳಲ್ಲಿ ಬಹುಪಾಲಿನ ಹೆಸರು ನಿಮ್ಮ ತಂಡದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅವುಗಳ ವರ್ಷನ್ ಯಾವುದು ಅಂತ ನೀವು ಹೇಳಿಲ್ಲ ಅಂದರೆ ಬಿಲ್ಡ್ ಟೂಲ್ ತಾನೇ ತೀರ್ಮಾನ ಮಾಡುತ್ತದೆ. ಅದು ಯಾವ ನಿಯಮದ ಮೇಲೆ ತೀರ್ಮಾನ ಮಾಡುತ್ತದೆ ಅನ್ನುವುದು ಗೊತ್ತಾದರೆ ನಿಮ್ಮ ಎರರ್ ಅರ್ಧ ಬಿಡಿಸಿದ ಹಾಗೆ.

ಒಂದು ಉದಾಹರಣೆ ಹಿಡಿಯೋಣ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಮೊದಲಿನಿಂದ ‘ಕ’ ಅನ್ನುವ ಲೈಬ್ರರಿ ಇದೆ. ಅದಕ್ಕೆ ‘ಚ’ ಬೇಕು, ‘ಚ’ಗೆ ‘ಗ’ದ 2.3 ಬೇಕು. ಈಗ ನೀವು ಸೇರಿಸಿದ ಹೊಸ ಲೈಬ್ರರಿ ‘ಖ’. ಅದು ನೇರವಾಗಿ ‘ಗ’ದ 1.8 ಕೇಳುತ್ತದೆ. ಮೇವನ್‌ನ ನಿಯಮ ಏನೆಂದರೆ, ಡಿಪೆಂಡೆನ್ಸಿ ಟ್ರೀಯಲ್ಲಿ (ಯಾವ ಲೈಬ್ರರಿ ಯಾವುದನ್ನು ಕೇಳುತ್ತದೆ ಅನ್ನುವ ಮರ) ನಿಮ್ಮ ಪ್ರಾಜೆಕ್ಟ್‌ಗೆ ಯಾವುದು ಹತ್ತಿರವೋ ಅದೇ ಗೆಲ್ಲುತ್ತದೆ. ‘ಖ’ದ ದಾರಿಯಲ್ಲಿ ‘ಗ’ ಎರಡನೇ ಮೆಟ್ಟಿಲಲ್ಲೇ ಸಿಗುತ್ತದೆ, ‘ಕ’ದ ದಾರಿಯಲ್ಲಿ ಮೂರನೆಯದರಲ್ಲಿ. ಹಾಗಾಗಿ ಹಳೆಯ 1.8 ಗೆದ್ದಿತು, ಹೊಸದಾದ 2.3 ಹೊರಗೆ ಹೋಯಿತು. ಎರಡೂ ಒಂದೇ ದೂರದಲ್ಲಿದ್ದರೆ ಪೋಂ ಫೈಲಿನಲ್ಲಿ ಮೊದಲು ಬರೆದ ಲೈಬ್ರರಿಯ ದಾರಿ ಗೆಲ್ಲುತ್ತದೆ. ಅಂದರೆ ಸುಮ್ನೆ ಸಾಲುಗಳನ್ನು ಹಿಂದೆ ಮುಂದೆ ಮಾಡಿದರೂ ವರ್ಷನ್ ಬದಲಾಗಬಹುದು!

ಸರಿ, ಹಾಗಾದರೆ ಕಂಪೈಲ್ ಯಾಕೆ ಪಾಸ್ ಆಯಿತು? ಕಂಪೈಲರ್ ನೋಡುವುದು ನಿಮ್ಮ ಕೋಡನ್ನು ಮಾತ್ರ. ‘ಚ’ ನಿಮಗೆ ಬರುವುದೇ ಬೈಟ್‌ಕೋಡ್ (ಮೊದಲೇ ಕಂಪೈಲ್ ಆದ ರೂಪ) ಆಗಿ, ಅದನ್ನು ಬರೆದವರು ‘ಗ’ 2.3 ಇಟ್ಟುಕೊಂಡು ಎಂದೋ ಕಂಪೈಲ್ ಮಾಡಿದ್ದಾರೆ. ಅದರೊಳಗೆ 2.3ರಲ್ಲಿ ಮಾತ್ರ ಇರುವ ಮೆಥಡ್ ಒಂದನ್ನು ಕರೆದಿದ್ದರೆ, ಆ ಮೆಥಡ್ ನಿಜವಾಗಿ ಇದೆಯೋ ಇಲ್ಲವೋ ಅಂತ ಜಾವಾ ವರ್ಚುವಲ್ ಮಷೀನ್ ಹುಡುಕುವುದು ಸಾಮಾನ್ಯವಾಗಿ ಆ ಸಾಲು ಓಡುವ ಹೊತ್ತಿಗೇ. ಆ ಸಾಲು ತಿಂಗಳಿಗೊಮ್ಮೆ ಓಡುವ ರಿಪೋರ್ಟ್‌ನಲ್ಲಿದ್ದರೆ ಎರರ್ ಕೂಡ ತಿಂಗಳ ಕೊನೆಗೇ ಬರುತ್ತದೆ.

ಟೆಸ್ಟ್‌ಗಳು ಪಾಸ್ ಆಗಿದ್ದಕ್ಕೂ ಕಾರಣ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಪ್ರತಿ ಮಾಡ್ಯೂಲ್‌ನ ಟೆಸ್ಟ್ ಓಡುವುದು ಆ ಮಾಡ್ಯೂಲ್‌ನ ಸ್ವಂತ ಟ್ರೀ ಮೇಲೆ. ‘ಕ’ ಬಳಸುವ ಮಾಡ್ಯೂಲ್‌ನ ಟೆಸ್ಟ್‌ನಲ್ಲಿ ‘ಗ’ 2.3 ಇತ್ತು, ‘ಖ’ ಬಳಸುವ ಮಾಡ್ಯೂಲ್‌ನಲ್ಲಿ 1.8 ಇತ್ತು, ಇಬ್ಬರೂ ಸುಖವಾಗಿದ್ದರು. ಕೊನೆಗೆ ಎಲ್ಲವನ್ನೂ ಸೇರಿಸಿ ಅಪ್ಲಿಕೇಶನ್ ಕಟ್ಟುವ ಮಾಡ್ಯೂಲ್‌ನಲ್ಲಿ ಒಂದೇ ಉಳಿಯಬೇಕಾಯಿತು. ಸಾಮಾನ್ಯ ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸ್ ಹುಡುಕುವ ಜಾರ್‌ಗಳ ಪಟ್ಟಿ) ಒಂದೇ ಹೆಸರಿನ ಕ್ಲಾಸ್ ಎರಡು ಜಾರ್‌ಗಳಲ್ಲಿದ್ದರೂ ಮೊದಲು ಸಿಕ್ಕಿದ್ದು ಮಾತ್ರ ಲೋಡ್ ಆಗುತ್ತದೆ, ಅದಕ್ಕೇ ಎರಡನ್ನೂ ಇಟ್ಟುಕೊಳ್ಳುವುದು ಪರಿಹಾರವಲ್ಲ.

ಎಲ್ಲ ಟೂಲ್‌ಗಳೂ ಹೀಗೇ ಅಂತಲ್ಲ. ಜಾವಾದ ಇನ್ನೊಂದು ಬಿಲ್ಡ್ ಟೂಲ್ ಆದ ಗ್ರೇಡಲ್ ಸಾಮಾನ್ಯವಾಗಿ ಕೇಳಿದ್ದರಲ್ಲಿ ಅತಿ ಹೊಸ ವರ್ಷನ್ ಆರಿಸುತ್ತದೆ. ಗೋ ಭಾಷೆಯ ಟೂಲ್ ಕೂಡ ಕೇಳಿದ್ದರಲ್ಲಿ ದೊಡ್ಡದನ್ನೇ ಆರಿಸುತ್ತದೆ, ಆದರೆ ಯಾರೂ ಕೇಳದ ಹೊಸ ವರ್ಷನ್‌ಗೆ ತಾನಾಗಿ ಹಾರುವುದಿಲ್ಲ. ಎನ್‌ಪಿಎಂ (ಜಾವಾಸ್ಕ್ರಿಪ್ಟ್‌ನ ಪ್ಯಾಕೇಜ್ ಟೂಲ್) ಒಂದೇ ಲೈಬ್ರರಿಯ ಹಲವು ಪ್ರತಿಗಳನ್ನು ಒಂದರೊಳಗೊಂದು ಇಡಬಲ್ಲದು. ರಸ್ಟ್‌ನ ಕಾರ್ಗೋ ಕೂಡ ಹೊಂದಾಣಿಕೆ ಇಲ್ಲದ ಮೇಜರ್ ವರ್ಷನ್‌ಗಳನ್ನು ಪಕ್ಕಪಕ್ಕ ಇಡುತ್ತದೆ. ಪೈಥಾನ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್‌ಗೆ ಒಂದೇ ವರ್ಷನ್. ನೀವು ಟೂಲ್ ಬದಲಾಯಿಸಿದರೆ ಈ ನಿಯಮವೂ ಬದಲಾಗುತ್ತದೆ ಅನ್ನುವುದು ನೆನಪಿರಲಿ. ಮೇವನ್‌ನಿಂದ ಗ್ರೇಡಲ್‌ಗೆ ಹೋದ ಪ್ರಾಜೆಕ್ಟ್‌ಗಳಲ್ಲಿ ಒಂದೂ ವರ್ಷನ್ ಮುಟ್ಟದೆ ಹತ್ತಾರು ಜಾರ್‌ಗಳು ಬದಲಾಗಿಬಿಡಬಹುದು.

ಈಗ ಹುಡುಕುವ ಕೆಲಸ. ಎರರ್‌ನಲ್ಲಿ ಕ್ಲಾಸ್ ಹೆಸರು ಇರುತ್ತದೆ. ಆ ಕ್ಲಾಸ್ ಯಾವ ಜಾರ್‌ನಿಂದ ಬಂತು ಅಂತ ಊಹೆ ಮಾಡಬೇಡಿ, ಜಾವಾವನ್ನು ‘-ವರ್ಬೋಸ್:ಕ್ಲಾಸ್’ ಆಯ್ಕೆ ಕೊಟ್ಟು ಓಡಿಸಿ. ಪ್ರತಿ ಕ್ಲಾಸ್ ಎಲ್ಲಿಂದ ಲೋಡ್ ಆಯಿತು ಅಂತ ಅದೇ ಬರೆಯುತ್ತದೆ. ಆಮೇಲೆ ಅಪ್ಲಿಕೇಶನ್ ಕಟ್ಟುವ ಮಾಡ್ಯೂಲ್‌ನಲ್ಲಿ ನಿಂತು (ನೀವು ಬದಲಾಯಿಸಿದ ಮಾಡ್ಯೂಲ್‌ನಲ್ಲಿ ಅಲ್ಲ) ಮೇವನ್‌ನ ‘ಡಿಪೆಂಡೆನ್ಸಿ:ಟ್ರೀ’ಯನ್ನು ವರ್ಬೋಸ್ ಆಗಿ ಓಡಿಸಿ. ಯಾವ ವರ್ಷನ್ ಸೋತು ಹೊರಗೆ ಹೋಯಿತು, ಯಾವುದರ ಜೊತೆ ಜಗಳದಲ್ಲಿ ಅಂತ ಅದರಲ್ಲಿ ಕಾಣುತ್ತದೆ. ಗ್ರೇಡಲ್‌ನವರಿಗೆ ‘ಡಿಪೆಂಡೆನ್ಸಿ ಇನ್‌ಸೈಟ್’ ಅನ್ನುವ ಟಾಸ್ಕ್ ಇದೆ, ಅದು ಆಯ್ಕೆಗೆ ಕಾರಣವನ್ನೂ ಹೇಳುತ್ತದೆ.

ಕಾರಣ ಸಿಕ್ಕ ಕೂಡಲೇ ಎಲ್ಲರ ಕೈ ಹೋಗುವುದು ಎಕ್ಸ್‌ಕ್ಲೂಷನ್ ಕಡೆಗೆ. ‘ಖ’ದ ಕೆಳಗೆ ‘ಗ’ ಬೇಡ ಅಂತ ಬರೆದುಬಿಟ್ಟರೆ ಇವತ್ತಿನ ಎರರ್ ಹೋಗುತ್ತದೆ ನಿಜ. ಆದರೆ ನಾಳೆ ಇನ್ಯಾವುದೋ ಲೈಬ್ರರಿ ಅದೇ 1.8ನ್ನು ಬೇರೆ ದಾರಿಯಿಂದ ತರುತ್ತದೆ, ಅಲ್ಲೂ ಒಂದು ಎಕ್ಸ್‌ಕ್ಲೂಷನ್, ಮತ್ತೊಂದು ಮಾಡ್ಯೂಲ್‌ನಲ್ಲೂ ಒಂದು, ವರ್ಷ ಕಳೆಯುವಷ್ಟರಲ್ಲಿ ಯಾವುದು ಯಾಕೆ ಬರೆದದ್ದು ಅಂತ ಯಾರಿಗೂ ಗೊತ್ತಿಲ್ಲದ, ತೆಗೆಯಲು ಎಲ್ಲರಿಗೂ ಭಯವಾಗುವ ಸಾಲುಗಳು ಉಳಿಯುತ್ತವೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ನಾನು ಹೇಳುವುದು ಇಷ್ಟು: ವರ್ಷನ್ ತೀರ್ಮಾನ ಒಂದೇ ಜಾಗದಲ್ಲಿ ಆಗಲಿ. ಮೇವನ್‌ನಲ್ಲಿ ಆ ಜಾಗ ಪೇರೆಂಟ್ ಪೋಂನ (ಎಲ್ಲ ಮಾಡ್ಯೂಲ್‌ಗಳಿಗೂ ಮೇಲಿನ ಪೋಂ) ‘ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್’ ವಿಭಾಗ. ಅಲ್ಲಿ ‘ಗ’ 2.3 ಅಂತ ಬರೆದರೆ, ಅದು ಎಷ್ಟನೇ ಮೆಟ್ಟಿಲಲ್ಲಿ ಯಾರ ಮೂಲಕ ಬಂದರೂ 2.3 ಆಗಿಯೇ ಬರುತ್ತದೆ, ಹತ್ತಿರ ದೂರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಾಡ್ಯೂಲ್‌ಗಳ ಪೋಂನಲ್ಲಿ ಆಮೇಲೆ ವರ್ಷನ್ ಸಂಖ್ಯೆಯೇ ಇರಬಾರದು, ಯಾಕೆಂದರೆ ಅಲ್ಲಿ ನೇರವಾಗಿ ಬರೆದರೆ ಅದೇ ಮೇಲುಗೈ ಆಗುತ್ತದೆ. ಒಂದೇ ಕುಟುಂಬದ ಹಲವು ಜಾರ್‌ಗಳಿದ್ದರೆ ಅವರೇ ಕೊಡುವ ಬಿಓಎಂ (ಒಟ್ಟಿಗೆ ಹೊಂದುವ ವರ್ಷನ್‌ಗಳ ಪಟ್ಟಿ) ಫೈಲನ್ನು ಇಂಪೋರ್ಟ್ ಮಾಡಿ, ಒಂದು 2.3 ಇನ್ನೊಂದು 2.1 ಅನ್ನುವ ಕಲಬೆರಕೆ ತಪ್ಪುತ್ತದೆ. ಗ್ರೇಡಲ್‌ನಲ್ಲಿ ಇದೇ ಕೆಲಸಕ್ಕೆ ‘ಪ್ಲಾಟ್‌ಫಾರ್ಮ್’ ಇದೆ. ವರ್ಷನ್ ಕ್ಯಾಟಲಾಗ್ ಬೇರೆ, ಪ್ಲಾಟ್‌ಫಾರ್ಮ್ ಬೇರೆ. ಕ್ಯಾಟಲಾಗ್ ನಿಮ್ಮ ಕೈಯಾರೆ ಬರೆಯುವ ಹೆಸರುಗಳನ್ನು ಒಂದೆಡೆ ಸೇರಿಸುತ್ತದೆ ಅಷ್ಟೇ, ಹಿಂಬಾಗಿಲಿಂದ ಬರುವ ವರ್ಷನ್‌ಗಳನ್ನು ತಡೆಯುವುದಿಲ್ಲ.

ಒಂದು ಜಾಗ ಅಂತ ಇಷ್ಟು ಒತ್ತಿ ಹೇಳಲು ಕಾರಣ 2021ರ ಡಿಸೆಂಬರ್. ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ‘ಲಾಗ್‌ಫೋರ್‌ಶೆಲ್’ ಅನ್ನುವ ಭಾರಿ ಭದ್ರತಾ ದೋಷ ಹೊರಬಿತ್ತು. 2.15.0 ಬಂತು, ಅದು ಸಾಲದೆ 2.16.0, ಆಮೇಲೆ 2.17.0, ಎಲ್ಲಾ ಒಂದೇ ತಿಂಗಳಲ್ಲಿ. ಎಷ್ಟೋ ಪ್ರಾಜೆಕ್ಟ್‌ಗಳು ಅದನ್ನು ನೇರವಾಗಿ ಕೇಳಿಯೇ ಇರಲಿಲ್ಲ, ಬೇರೆ ಲೈಬ್ರರಿಗಳ ಹಿಂದೆ ಬಂದಿತ್ತು. ತೀರ್ಮಾನ ಒಂದೆಡೆ ಇದ್ದವರಿಗೆ ಪ್ರತಿ ಸಲವೂ ಅದು ಒಂದು ಸಾಲಿನ ಬದಲಾವಣೆ. ಇಲ್ಲದವರು ಒಂದೊಂದೇ ಮಾಡ್ಯೂಲ್‌ನ ಟ್ರೀ ಅಗೆಯಬೇಕಾಯಿತು.

‘ಗ’ 1.8 ಮತ್ತು 2.3 ಎರಡಕ್ಕೂ ಹೊಂದುವ ವರ್ಷನ್ನೇ ಇಲ್ಲದಿದ್ದರೆ? ಮೊದಲು ‘ಖ’ದ ಹೊಸ ಬಿಡುಗಡೆ ಇದೆಯಾ ನೋಡಿ. ಶೇಡಿಂಗ್ ಅಂತ ಒಂದು ಉಪಾಯ ಇದೆ, ಲೈಬ್ರರಿಯ ಪ್ಯಾಕೇಜ್ ಹೆಸರನ್ನೇ ಬದಲಾಯಿಸಿ ಒಳಗೆ ಸೇರಿಸಿಕೊಳ್ಳುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹೆಸರು ಬದಲಾದ ಲೈಬ್ರರಿ ಭದ್ರತಾ ಸ್ಕ್ಯಾನರ್‌ಗಳ ಕಣ್ಣಿಗೆ ಬೀಳದೆ ಹೋಗಬಹುದು.

ಬಿಲ್ಡ್ ಸೆಟ್ಟಿಂಗ್‌ಗಳಿಂದಲೂ ಇದೇ ಎರರ್ ಬರುತ್ತದೆ, ಇದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಜಾವಾ 9ರಲ್ಲಿ ಬೈಟ್‌ಬಫರ್ ಕ್ಲಾಸ್‌ನ ‘ಫ್ಲಿಪ್’ ಮೆಥಡ್ ಹಿಂದಿರುಗಿಸುವ ಟೈಪ್ ಬದಲಾಯಿತು, ಮೊದಲು ಬಫರ್ ಇದ್ದದ್ದು ಬೈಟ್‌ಬಫರ್ ಆಯಿತು. ಬೈಟ್‌ಕೋಡ್‌ನಲ್ಲಿ ಮೆಥಡ್‌ನ ಗುರುತಿನಲ್ಲಿ ಹಿಂದಿರುಗಿಸುವ ಟೈಪ್ ಕೂಡ ಸೇರಿರುತ್ತದೆ. ಹಾಗಾಗಿ 9 ಅಥವಾ ಹೊಸ ಜೆಡಿಕೆಯಲ್ಲಿ (ಕಂಪೈಲರ್ ಇರುವ ಜಾವಾ ಕಿಟ್) ಸೋರ್ಸ್ 8, ಟಾರ್ಗೆಟ್ 8 ಅಂತಷ್ಟೇ ಕೊಟ್ಟು ಕಂಪೈಲ್ ಮಾಡಿದ ಕೋಡ್ ಜಾವಾ 8ರ ಮೇಲೆ ‘ಫ್ಲಿಪ್’ ಕರೆದ ಕೂಡಲೇ ಬೀಳುತ್ತದೆ. ಅಲ್ಲಿ ಯಾವ ಲೈಬ್ರರಿ ಜಗಳವೂ ಇಲ್ಲ. ಆ ಎರಡರ ಬದಲು ‘ರಿಲೀಸ್ 8’ ಅನ್ನುವ ಒಂದೇ ಆಯ್ಕೆ ಕೊಟ್ಟರೆ ಕಂಪೈಲರ್ ನಿಜವಾದ ಜಾವಾ 8ರ ಎಪಿಐ (ಅದರಲ್ಲಿರುವ ಕ್ಲಾಸ್, ಮೆಥಡ್‌ಗಳು) ನೋಡಿಯೇ ಕಂಪೈಲ್ ಮಾಡುತ್ತದೆ. ಈ ಸೆಟ್ಟಿಂಗ್ ಕೂಡ ಪೇರೆಂಟ್ ಪೋಂನಲ್ಲೇ ಇರಲಿ, ಮಾಡ್ಯೂಲ್‌ಗೊಂದು ಬೇಡ.

ನಿಮ್ಮಲ್ಲಿ ಎನ್‌ಪಿಎಂ ಭಾಗವೂ ಇದ್ದರೆ ಒಂದು ಮಾತು. ಅಲ್ಲಿ ಕ್ಯಾರೆಟ್ ಗುರುತು ಹಾಕಿದ 1.4.2 ಅಂದರೆ 1.4.2ರಿಂದ ಹಿಡಿದು 2.0.0ಕ್ಕಿಂತ ಮೊದಲಿನ ಯಾವುದಾದರೂ ಆಗಬಹುದು. ನಿಜವಾಗಿ ಆರಿಸಿದ ವರ್ಷನ್‌ಗಳನ್ನು ಬರೆದಿಡುವ ಲಾಕ್ ಫೈಲನ್ನು ಕೋಡ್ ಜೊತೆ ಕಮಿಟ್ ಮಾಡಿ, ಸರ್ವರ್‌ನಲ್ಲಿ ‘ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಬಳಸಿ. ಲಾಕ್ ಫೈಲಿಗೂ ಪ್ಯಾಕೇಜ್ ಫೈಲಿಗೂ ತಾಳೆ ಆಗದಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ.

ಇನ್ನು ಮತ್ತೆ ಆಗದ ಹಾಗೆ ಕಾವಲು. ಮೇವನ್‌ಗೆ ಎನ್‌ಫೋರ್ಸರ್ ಅನ್ನುವ ಪ್ಲಗಿನ್ ಇದೆ. ಅದರ ‘ಡಿಪೆಂಡೆನ್ಸಿ ಕನ್ವರ್ಜೆನ್ಸ್’ ನಿಯಮ ಎಲ್ಲೇ ಎರಡು ವರ್ಷನ್ ಕಂಡರೂ ಬಿಲ್ಡ್ ನಿಲ್ಲಿಸುತ್ತದೆ. ಹಳೆಯ ದೊಡ್ಡ ಪ್ರಾಜೆಕ್ಟ್‌ನಲ್ಲಿ ಅದನ್ನು ಮೊದಲ ದಿನವೇ ಹಾಕಿದರೆ ಪುಟಗಟ್ಟಲೆ ದೂರು ಬಂದು ತಂಡವೇ ಅದನ್ನು ತೆಗೆದುಹಾಕುತ್ತದೆ. ‘ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್’ ನಿಯಮದಿಂದ ಶುರು ಮಾಡಿ. ಯಾರೋ ಕೇಳಿದ್ದಕ್ಕಿಂತ ಹಳೆಯ ವರ್ಷನ್ ಗೆದ್ದಾಗ ಮಾತ್ರ ಅದು ತಕರಾರು ಮಾಡುತ್ತದೆ, ನಿಮ್ಮದು ಆ ಉದಾಹರಣೆಯಂಥ ಜಗಳವೇ ಆಗಿದ್ದರೆ ಅಲ್ಲೇ ಹಿಡಿದು ಹಾಕುತ್ತಿತ್ತು, ಅಲ್ವಾ? ಜೊತೆಗೆ, ಹೊಸ ಲೈಬ್ರರಿ ಸೇರಿಸುವ ಪ್ರತಿ ರಿವ್ಯೂಗೆ ಮುಂಚಿನ ಮತ್ತು ನಂತರದ ಟ್ರೀ ಎರಡನ್ನೂ ಫೈಲಿಗೆ ಬರೆದು ಡಿಫ್ ಹಾಕಿ. ನೀವು ಸೇರಿಸಿದ್ದು ಒಂದು ಸಾಲು, ಡಿಫ್‌ನಲ್ಲಿ ಬಂದದ್ದು ಹದಿನೈದು ಸಾಲು ಅಂದರೆ, ಮರ್ಜ್ ಮಾಡುವ ಮೊದಲು ಓದಬೇಕಾದದ್ದು ಆ ಉಳಿದ ಹದಿನಾಲ್ಕನ್ನು.