ಓಲ್ಡ್‌ಹಮೈಟ್: ಆಮ್ಲಜನಕ ಸಿಗದಾಗ ಕ್ಯಾಲ್ಸಿಯಂ ಯಾರ ಜೊತೆ ಹೋಗುತ್ತದೆ?

ಮೈಸೂರು ಸುತ್ತಮುತ್ತ ಕ್ಯಾಲ್ಸಿಯಂ ಹುಡುಕಿದರೆ ಹೆಚ್ಚುಕಡಿಮೆ ಎಲ್ಲ ಕಡೆ ಅದು ಆಮ್ಲಜನಕದ ಜೊತೆಗೇ ಸಿಗುತ್ತದೆ. ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಒಳಗೆ ಸಿಲಿಕೇಟ್ ಆಗಿ, ಹೊಲದ ಸುಣ್ಣಕಲ್ಲಿನಲ್ಲಿ ಕಾರ್ಬೊನೇಟ್ ಆಗಿ. ಕೆಆರ್‌ಎಸ್ ಕಟ್ಟೆಯ ಸುರ್ಕಿ ಗಾರೆಯಲ್ಲೂ ಅದೇ ಕಥೆ. ಓಲ್ಡ್‌ಹಮೈಟ್ ಮಾತ್ರ ಇದಕ್ಕೆ ತಿರುಗಿ ನಿಂತ ಖನಿಜ. ಅದರಲ್ಲಿರುವುದು ಕ್ಯಾಲ್ಸಿಯಂ ಮತ್ತು ಗಂಧಕ, ಅಷ್ಟೇ. ಅಂದರೆ ಕ್ಯಾಲ್ಸಿಯಂ ಸಲ್ಫೈಡ್. ಹರಳಿನ ರಚನೆ ಅಡುಗೆ ಉಪ್ಪಿನದ್ದೇ, ಬಣ್ಣ ತಿಳಿ ಕಂದು. ಅರ್ಥ ಮಾಡಿಕೊಳ್ಳಬೇಕಾದದ್ದು ಈ ಜೋಡಿ ಹೇಗೆ ಕೂಡಿತು ಎನ್ನುವುದು.

ಕ್ಯಾಲ್ಸಿಯಂ ಮತ್ತು ಗಂಧಕ ಒಟ್ಟಿಗೆ ಸಿಕ್ಕರೆ ಸಲ್ಫೈಡ್ ಆಗೇಬಿಡುತ್ತದೆ ಅಂದುಕೊಳ್ಳಬೇಡಿ. ಬಿಳಿ ಸಕ್ಕರೆ ಮಾಡುವ ನಮ್ಮ ಹಲವು ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರೆ, ಗಂಧಕ ಸುಟ್ಟ ಹೊಗೆಯನ್ನೂ ಹಾಯಿಸುತ್ತಾರೆ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ಅಲ್ಲೇ ಇವೆ, ಆದರೂ ಗಸಿಯಾಗಿ ಇಳಿಯುವುದು ಕ್ಯಾಲ್ಸಿಯಂ ಸಲ್ಫೈಟ್. ಯಾಕೆ? ಗಂಧಕ ಉರಿದಾಗಲೇ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡಿರುತ್ತದೆ. ಸಲ್ಫೈಡಿನಲ್ಲಿ ಆಮ್ಲಜನಕವೇ ಇಲ್ಲ, ಸಲ್ಫೈಟಿನಲ್ಲಿ ಮೂರು ಪರಮಾಣು, ಸಲ್ಫೇಟಿನಲ್ಲಿ ನಾಲ್ಕು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇವು ಜಾಸ್ತಿ ಅದಲುಬದಲಾಗುತ್ತವೆ, ಹುಷಾರು.

ಹಾಗಾದರೆ ಆಮ್ಲಜನಕಕ್ಕೆ ಬರಗಾಲ ಬಂದ ಜಾಗ ಎಲ್ಲಿ? ಗ್ರಹಗಳು ಹುಟ್ಟುವ ಮೊದಲಿನ ಅನಿಲದಲ್ಲಿ. ಬಿಸಿ ಅನಿಲದಲ್ಲಿ ಇಂಗಾಲ ಮೊದಲು ಆಮ್ಲಜನಕವನ್ನು ಹಿಡಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಸೂರ್ಯನಲ್ಲಿ ಇಂಗಾಲ ಆಮ್ಲಜನಕದ ಸುಮಾರು ಅರ್ಧದಷ್ಟು. ಅಂಥ ಅನಿಲವಾದರೆ ಇಂಗಾಲ ತನ್ನ ಪಾಲು ತೆಗೆದುಕೊಂಡ ಮೇಲೂ ಬೇಕಾದಷ್ಟು ಆಮ್ಲಜನಕ ಉಳಿಯುತ್ತದೆ. ಇಂಗಾಲದ ಪ್ರಮಾಣ ಆಮ್ಲಜನಕದ ಹತ್ತಿರಕ್ಕೆ ಬಂದರೆ ಹೆಚ್ಚೇನೂ ಮಿಗುವುದಿಲ್ಲ. ಆಗ ಕ್ಯಾಲ್ಸಿಯಂ ಗಂಧಕದ ಕೈ ಹಿಡಿಯುತ್ತದೆ. ಅದೊಂದೇ ಅಲ್ಲ: ಮೆಗ್ನೀಸಿಯಂ ಒಂದಷ್ಟು ನಿನಿಂಜರೈಟ್‌ಗೆ, ಕ್ರೋಮಿಯಂ ಡೋಬ್ರೀಲೈಟ್‌ಗೆ ಹೋಗುತ್ತದೆ (ಎರಡೂ ಸಲ್ಫೈಡ್ ಖನಿಜಗಳೇ). ಕಬ್ಬಿಣ ಸಿಲಿಕೇಟಿಗೆ ಸೇರದೆ ಲೋಹವಾಗೋ ಸಲ್ಫೈಡ್ ಆಗೋ ಉಳಿಯುತ್ತದೆ. ಸಿಲಿಕಾನ್ ಕೂಡ ಸ್ವಲ್ಪ ಲೋಹದೊಳಕ್ಕೆ ನುಗ್ಗುತ್ತದೆ! ಎನ್‌ಸ್ಟಟೈಟ್ ಕಾಂಡ್ರೈಟ್ ಮತ್ತು ಆಬ್ರೈಟ್ ಎಂಬ ಉಲ್ಕಾಶಿಲೆಗಳಲ್ಲಿ ಇಂಥವು ಜೊತೆಜೊತೆಗೆ ಸಿಗುತ್ತವೆ. ‘ಕ್ಯಾಲ್ಸಿಯಂ ಶಿಲೆಪ್ರಿಯ ಧಾತು’ (ಸಿಲಿಕೇಟ್ ಕಲ್ಲಿಗೇ ಸೇರುವಂಥದ್ದು) ಎಂದು ಬಾಯಿಪಾಠ ಮಾಡಿದ್ದೇವಲ್ವಾ, ಅದು ಭೂಮಿಯಂಥ ಪರಿಸರದ ನಿಯಮ ಮಾತ್ರ.

ಇನ್ನೊಂದು ಮುಖ್ಯ ಸಂಗತಿ. ವಿರಳ ಭಸ್ಮ ಧಾತುಗಳೂ (ಲ್ಯಾಂಥನಂ, ಸೀರಿಯಂನಂಥವು) ಈ ಶಿಲೆಗಳಲ್ಲಿ ಓಲ್ಡ್‌ಹಮೈಟಿನಲ್ಲೇ ಹೆಚ್ಚು ತುಂಬಿಕೊಂಡಿರುತ್ತವೆ. ಖನಿಜ ಕಲ್ಲಿನಲ್ಲಿ ಚೂರೇ ಚೂರು, ಆದರೆ ಆ ಧಾತುಗಳ ದೊಡ್ಡ ಪಾಲು ಅದರ ಹೊಟ್ಟೆಯಲ್ಲಿ. ಅದಕ್ಕೇ ಸಂಶೋಧಕರು ಇದರ ಬೆನ್ನು ಬಿಡುವುದಿಲ್ಲ.

ಇದು ಮೊದಲು ಸಿಕ್ಕಿದ್ದು ನಮ್ಮ ದೇಶದಲ್ಲಿ ಬಿದ್ದ ಕಲ್ಲಿನಲ್ಲಿ. 1852ರ ಡಿಸೆಂಬರ್ 2ರಂದು ಈಗಿನ ಉತ್ತರ ಪ್ರದೇಶದ ಬಸ್ತಿ ಬಳಿ ಒಂದು ಆಬ್ರೈಟ್ ಬಿತ್ತು. ಬ್ರಿಟಿಷ್ ಮ್ಯೂಸಿಯಂನ ನೆವಿಲ್ ಸ್ಟೋರಿ-ಮಾಸ್ಕೆಲಿನ್ 1862ರಲ್ಲಿ ಅದರೊಳಗಿನ ಈ ಖನಿಜಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹಮ್ ಅವರ ಹೆಸರಿಟ್ಟರು. (1906ರಲ್ಲಿ ಭೂಕಂಪದ ಅಲೆಗಳಿಂದ ಭೂಮಿಗೆ ತಿರುಳಿದೆ ಎಂದು ತೋರಿಸಿದ ರಿಚರ್ಡ್ ಓಲ್ಡ್‌ಹಮ್ ಇವರ ಮಗ.) 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರ್‌ನಲ್ಲಿ ಬಿದ್ದದ್ದೂ ಆಬ್ರೈಟ್, ಬಸ್ತಿಯ ಕಲ್ಲು ಬಿದ್ದು 170 ವರ್ಷದ ಮೇಲೆ.

ಆಕಾಶದಿಂದ ಬಿದ್ದ ಕಲ್ಲನ್ನು ಬೇಗ ಎತ್ತಿಡಬೇಕು ಎನ್ನುವುದಕ್ಕೆ ಓಲ್ಡ್‌ಹಮೈಟ್ ಒಳ್ಳೆಯ ಕಾರಣ. ಇದಕ್ಕೆ ತೇವ ಆಗಿಬರುವುದಿಲ್ಲ. ನೀರು ತಗುಲಿದರೆ ಒಡೆದು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಗಾಳಿಯೂ ಸೇರಿದರೆ ಜಿಪ್ಸಂ, ಕ್ಯಾಲ್ಸೈಟ್ ಆಗುತ್ತದೆ. ನಮ್ಮ ಜುಲೈ ತಿಂಗಳ ಗಾಳಿಯೇ ಸಾಕು. ಸೂಕ್ಷ್ಮದರ್ಶಕದಲ್ಲಿ ನೋಡಲು ಇಂಥ ಕಲ್ಲಿನ ತೆಳು ಪದರ ಮಾಡುವಾಗ ನೀರು ಮುಟ್ಟಿಸದೆ ಎಣ್ಣೆಯಲ್ಲೋ ಆಲ್ಕೋಹಾಲ್‌ನಲ್ಲೋ ಉಜ್ಜಬೇಕು. ಗೊತ್ತಿಲ್ಲದೆ ಸುಮ್ನೆ ನೀರು ಹಾಕಿ ಉಜ್ಜಿದರೆ ನೋಡಬೇಕಿದ್ದ ಖನಿಜದ ಜಾಗದಲ್ಲಿ ತೂತು ಉಳಿಯುತ್ತದೆ.

ಭೂಮಿಯ ಮೇಲೆ ಇದು ಇಲ್ಲವೇ ಇಲ್ಲ ಎಂದು ಬರೆಯಬೇಡಿ. ರಷ್ಯಾದ ಚೆಲ್ಯಾಬಿನ್ಸ್ಕ್ ಪ್ರದೇಶದ ಉರಿದ ಕಲ್ಲಿದ್ದಲು ಗುಡ್ಡೆಗಳಲ್ಲಿ ಸಿಕ್ಕಿದೆ. ಅಲ್ಲೂ ಕಾರಣ ಅದೇ: ಸುತ್ತ ಇಂಗಾಲ ಜಾಸ್ತಿ, ಒಳಗೆ ಆಮ್ಲಜನಕ ಕಡಿಮೆ.

ಬುಧ ಗ್ರಹದ ಪ್ರಶ್ನೆ ಬಂದರೂ ಇದೇ ತರ್ಕ ಬಳಸಿ. 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆ ಅಲ್ಲಿನ ಮೇಲ್ಮೈಯಲ್ಲಿ ಕಬ್ಬಿಣ ಕಡಿಮೆ, ಗಂಧಕ ತುಂಬಾ ಜಾಸ್ತಿ ಎಂದು ತೋರಿಸಿತು. ಗಂಧಕ ಹೆಚ್ಚಿದ ಕಡೆ ಕ್ಯಾಲ್ಸಿಯಂ ಕೂಡ ಹೆಚ್ಚಿತ್ತು. ಅಲ್ಲಿ ಕ್ಯಾಲ್ಸಿಯಂ ಸಲ್ಫೈಡ್ ಇರಬಹುದು ಎಂಬ ಊಹೆ ಹುಟ್ಟಿದ್ದು ಈ ಜೊತೆಗಾರಿಕೆಯಿಂದಲೇ. ಬುಧನ ಕಲ್ಲಿನ ಒಂದು ಚೂರೂ ಇನ್ನೂ ನಮ್ಮ ಕೈಗೆ ಖಚಿತವಾಗಿ ಸಿಕ್ಕಿಲ್ಲ, ಆದ್ದರಿಂದ ಉತ್ತರದಲ್ಲಿ ‘ಇದೆ’ ಎನ್ನದೆ ‘ಇರಬಹುದು’ ಎಂದೇ ಬರೆಯಿರಿ.